ಒಂದೇ ಡ್ರೈವರ್, ನಾಲ್ಕು ಚಿಪ್: ಇಫ್‌ಡೆಫ್ ಕಾಡಿನಿಂದ ಹೊರಬರೋದು ಹೇಗೆ?

ಕಂಬದಪೆಟ್ಟಿಗೆ:

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಇದೆ, ಕಾಫಿ ಹಿಡಿದು ಕೂತರೆ ಒಳ್ಳೇದು.

ನಮ್ಮದು ತೋಟಗಳಲ್ಲಿ ಕಂಬಕ್ಕೆ ಕಟ್ಟುವ ಹವಾಮಾನ ಪೆಟ್ಟಿಗೆ. ಒಳಗೆ 48 ಮೆಗಾಹರ್ಟ್ಜ್‌ನ ಎಸ್‌ಟಿಎಂ32 ಎಫ್0 ಮೈಕ್ರೋಕಂಟ್ರೋಲರ್, ಐ2ಸಿ (ಎರಡು ತಂತಿಯ ಬಸ್) ಮೇಲೆ ಬಾಷ್‌ನ ಒತ್ತಡ ಸೆನ್ಸರ್, ಒಂದು ಮೋಡೆಮ್, ಅಷ್ಟೇ. ಮೊದಲ ಪೆಟ್ಟಿಗೆಗಳಲ್ಲಿ ಬಿಎಂಪಿ180 ಇತ್ತು. ಆಮೇಲೆ ಬಿಎಂಪಿ280 ಬಂತು. ತೇವಾಂಶವೂ ಬೇಕು ಅಂದ ಗಿರಾಕಿಗಳಿಗೆ ಬಿಎಂಇ280. ಈಗ ಹೊಸ ಬೋರ್ಡಿಗೆ ಬಿಎಂಪಿ390 ಹಾಕ್ತಿದಾರೆ.

ಸೆನ್ಸರ್ ನಡೆಸುವ ಕೋಡು, ಅಂದರೆ ಡ್ರೈವರ್, ನನ್ನ ಕೈಗೆ ಬಂದಾಗಲೇ ಹೀಗಿತ್ತು: ಒಂದೇ ಸಿ ಫೈಲು, ಅದರ ತುಂಬ ಇಫ್‌ಡೆಫ್ (ಯಾವ ಚಿಪ್ಪಿನ ಸಾಲು ಉಳೀಬೇಕು ಅಂತ ಕಂಪೈಲ್ ಮಾಡುವಾಗಲೇ ಆರಿಸೋ ಷರತ್ತು). ಕ್ಯಾಲಿಬ್ರೇಷನ್ (ಪ್ರತಿ ಚಿಪ್ಪಿನೊಳಗೆ ಬರೆದಿಟ್ಟ ತಿದ್ದುಪಡಿ ಅಂಕಿಗಳು) ಓದುವ ಫಂಕ್ಷನ್ ಒಂದರಲ್ಲೇ ಇಫ್‌ಡೆಫ್ ಒಳಗೆ ಇಫ್‌ಡೆಫ್. ಚಿಪ್ಪಿಗೊಂದರಂತೆ ನಾಲ್ಕು ಬೈನರಿ (ಕಂಪೈಲ್ ಆದ ಪ್ರೋಗ್ರಾಂ ಫೈಲು). ದೂರದಿಂದ ಅಪ್‌ಡೇಟ್ ಕಳಿಸುವಾಗ ಯಾವ ಪೆಟ್ಟಿಗೆಗೆ ಯಾವ ಬೈನರಿ ಅನ್ನೋದು ಒಂದು ಎಕ್ಸೆಲ್ ಶೀಟ್‌ನಲ್ಲಿದೆ. ಕಳೆದ ಮಳೆಗಾಲದಲ್ಲಿ ರಿಪೇರಿಗೆ ಹೋದವರು ಕೆಲವು ಕಡೆ ಸೆನ್ಸರ್ ಬೋರ್ಡನ್ನೇ ಬದಲಿಸಿ ಬಂದರು, ಶೀಟ್ ತಿದ್ದಲಿಲ್ಲ. ಅಪ್‌ಡೇಟ್ ಹೋಯ್ತು, ತೋಟದಲ್ಲಿ ಒತ್ತಡ ಮೈನಸ್‌ಗೆ ಇಳೀತು.

ಇದನ್ನು ಒಂದೇ ಬೈನರಿ ಮಾಡಬೇಕು ಅಂತಿದೀನಿ. ಆದರೆ ಒಳಗಿನ ರಚನೆ ಹೇಗಿರಬೇಕು? ಇಫ್‌ಡೆಫ್ ಇದ್ದ ಕಡೆಯೆಲ್ಲ ಬರೀ ಇಫ್ ಹಾಕಿದರೆ ಕಾಡು ಹಾಗೇ ಉಳಿಯುತ್ತೆ. ನಾಲ್ಕು ಬೇರೆ ಡ್ರೈವರ್ ಬರೀಲಾ, ಒಂದೇ ಡ್ರೈವರಿನಲ್ಲಿ ನಾಲ್ಕನ್ನೂ ನಿಭಾಯಿಸಲಾ?

ಧಾರವಾಡ_ಫರ್ಮ್‌ವೇರ್:

ನಾಲ್ಕು ಬೈನರಿ ಇದ್ರ ತಪ್ಪೇನೈತ್ರಿ? ತಪ್ಪು ಇರೋದು ಎಕ್ಸೆಲ್ ಶೀಟ್‌ನಾಗ. ಬೋರ್ಡ್ ತನ್ನ ಗುರುತು ತಾನ ಹೇಳ್ಬೇಕು. ಒಂದು ಎಡಿಸಿ (ವೋಲ್ಟೇಜ್ ಅಳಿಯೋ) ಪಿನ್ನಿಗೆ ಎರಡು ರೆಸಿಸ್ಟರ್ ಡಿವೈಡರ್ ಹಾಕ್ರಿ, ಪ್ರತಿ ರಿವಿಜನ್‌ಗೆ ಬ್ಯಾರೆ ವೋಲ್ಟೇಜ್. ಬೂಟ್ ಆದ ಕೂಡ್ಲೇ ಓದಿ ಸರ್ವರ್‌ಗೆ ಕಳಿಸ್ರಿ, ಸರ್ವರ್ ಸರಿ ಬೈನರಿ ಕೊಡ್ತದ. ಬೀಗಲ್‌ಬೋನ್, ರಾಸ್‌ಬೆರಿ ಪೈ ಹ್ಯಾಟ್‌ಗಳೊಳಗ ಇದಕ್ಕಂತನ ಈಪ್ರಾಮ್ (ಸಣ್ಣ ಮೆಮೊರಿ ಚಿಪ್) ಇಟ್ಟಿರ್ತಾರ. ನಿಮಗ ಅಷ್ಟು ದೊಡ್ಡ ವ್ಯವಸ್ಥಾ ಬೇಡ, ರೆಸಿಸ್ಟರ್ ಸಾಕು.

ಇನ್ನೊಂದು. ಎಫ್0 ಅಂದ್ರ ಫ್ಲ್ಯಾಶ್ ಬಹಳ ಸಲ 32 ಕೆಬಿನೋ 64 ಕೆಬಿನೋ ಇರ್ತದ. ನಾಲ್ಕು ಚಿಪ್ಪಿನ ಲೆಕ್ಕಾಚಾರ ಎಲ್ಲಾ ಒಂದರಾಗ ತುಂಬಿದ್ರ ಮೋಡೆಮ್ ಕೋಡಿಗೆ ಜಾಗ ಎಲ್ಲೈತಿ?

ಕಂಬದಪೆಟ್ಟಿಗೆ:

@ಧಾರವಾಡ_ಫರ್ಮ್‌ವೇರ್ ರೆಸಿಸ್ಟರ್ ಐಡಿಯಾ ಹೊಸ ಬೋರ್ಡಿಗೆ ಸರಿ ಸರ್. ಆದರೆ ಈಗಾಗಲೇ ಕಂಬದ ಮೇಲಿರೋ ಪೆಟ್ಟಿಗೆಗಳಲ್ಲಿ ಅದು ಇಲ್ಲ. ಸೆನ್ಸರ್ ಇರೋದು ಸಣ್ಣ ಬೇರೆ ಬೋರ್ಡಿನಲ್ಲಿ, ಕನೆಕ್ಟರ್ ಎಳೆದು ಯಾರು ಬೇಕಾದರೂ ಬದಲಿಸಬಹುದು. ಫ್ಲ್ಯಾಶ್ 64 ಕೆಬಿ, ಅರ್ಧಕ್ಕಿಂತ ಜಾಸ್ತಿ ಖಾಲಿ ಇದೆ.

ರಿಜಿಸ್ಟರ್‌ರಾಯ:

ಕನೆಕ್ಟರ್ ಎಳೆದು ಬದಲಿಸಬಹುದು ಅಂದ ಮೇಲೆ ರನ್‌ಟೈಮ್‌ನಲ್ಲಿ ಗುರುತಿಸದೆ ಬೇರೆ ದಾರಿಯೇ ಇಲ್ಲ. ಆ ಚರ್ಚೆ ಅಲ್ಲಿಗೆ ಮುಗೀತು. ಇನ್ನು ರಚನೆಯ ಮಾತು.

ನಿಮ್ಮ ಹತ್ತಿರ ಇರೋದು ನಾಲ್ಕು ಚಿಪ್, ಆದರೆ ಮನೆತನ ಮೂರೇ. ಬಿಎಂಪಿ280, ಬಿಎಂಇ280 ಒಂದೇ ಮನೆ, ತೇವಾಂಶ ಒಂದು ಹೆಚ್ಚು ಅಷ್ಟೇ. ಬಿಎಂಪಿ180 ಬೇರೆ ಮನೆ. ಬಿಎಂಪಿ390 ಮತ್ತೊಂದು. ಕೋಡ್ ಮುಟ್ಟೋ ಮೊದಲು ಡೇಟಾಶೀಟ್‌ಗಳನ್ನು ಪಕ್ಕಪಕ್ಕ ಇಟ್ಟು ಒಂದು ಪಟ್ಟಿ ಮಾಡಿ: ಎಲ್ಲಿ ಬರೀ ಅಂಕಿ ಬದಲಾಗಿದೆ, ಎಲ್ಲಿ ಕೆಲಸದ ಕ್ರಮವೇ ಬದಲಾಗಿದೆ. ನಿಮ್ಮ ಡಿಸೈನ್‌ನ ಮುಕ್ಕಾಲು ಭಾಗ ಆ ಪಟ್ಟಿಯಲ್ಲೇ ಸಿಗುತ್ತೆ.

ಎಫ್4 ರಿಜಿಸ್ಟರನ್ನೇ (ಚಿಪ್ಪಿನೊಳಗಿನ ಒಂದು ಬೈಟಿನ ಖಾನೆ, ಎಫ್4 ಅದರ ಹೆಕ್ಸ್ ವಿಳಾಸ) ನೋಡಿ. 180ರಲ್ಲೂ ಅದು ಕಂಟ್ರೋಲ್ ರಿಜಿಸ್ಟರ್, 280ರಲ್ಲೂ ಕಂಟ್ರೋಲ್ ರಿಜಿಸ್ಟರ್. ವಿಳಾಸ ಒಂದೇ ಇದೆ ಅಂತ ಹಂಚಿಕೊಳ್ಳಲು ಹೋದರೆ ಕೆಟ್ಟಿರಿ. 180ರಲ್ಲಿ ಅಲ್ಲಿಗೆ ಬರೆಯೋದು ಒಂದು ಆಜ್ಞೆ: ಹೆಕ್ಸ್ 2ಇ ಬರೆದರೆ ತಾಪಮಾನ ಅಳೆಯುತ್ತೆ, 4.5 ಮಿಲಿಸೆಕೆಂಡ್ ಕಾದು ಎಫ್6ರಿಂದ ಓದಬೇಕು. ಆಮೇಲೆ ಒತ್ತಡಕ್ಕೆ ಇನ್ನೊಂದು ಆಜ್ಞೆ, ಮತ್ತೆ ಕಾಯೋದು, ಮತ್ತೆ ಎಫ್6ರಿಂದಲೇ ಓದೋದು. ಓವರ್‌ಸ್ಯಾಂಪ್ಲಿಂಗ್ (ಹಲವು ಸಲ ಅಳೆದು ಸರಾಸರಿ ತೆಗೆಯೋದು) ಜಾಸ್ತಿ ಮಾಡಿದರೆ ಕಾಯುವ ಸಮಯ ಗರಿಷ್ಠ 25.5 ಮಿಲಿಸೆಕೆಂಡ್‌ವರೆಗೆ ಹೋಗುತ್ತೆ. 280ರಲ್ಲಿ ಅದೇ ಎಫ್4ಕ್ಕೆ ಓವರ್‌ಸ್ಯಾಂಪ್ಲಿಂಗ್ ಮತ್ತು ಮೋಡ್ ಬಿಟ್‌ಗಳು ಹೋಗ್ತವೆ. ತಾಪಮಾನ, ಒತ್ತಡ ಎರಡನ್ನೂ ಚಿಪ್ಪೇ ಅಳೆದು ಎಫ್7ರಿಂದ ಸಾಲಾಗಿ ಇಟ್ಟಿರುತ್ತೆ, ನೀವು ಒಂದೇ ಉಸಿರಿಗೆ ಆರು ಬೈಟ್ ಓದ್ತೀರಿ. 390ರಲ್ಲಿ ಪವರ್ ಮೋಡ್ 1ಬಿಯಲ್ಲಿ, ಓವರ್‌ಸ್ಯಾಂಪ್ಲಿಂಗ್ 1ಸಿಯಲ್ಲಿ, ಅಳತೆಯ ವೇಗ 1ಡಿಯಲ್ಲಿ.

ಈ ಮೂರನ್ನೂ ಒಂದೇ "ಅಳತೆ ಶುರುಮಾಡು" ಫಂಕ್ಷನ್ನಿಗೆ ತುರುಕಿ ಒಳಗೆ ಇಫ್ ಹಾಕೋದು ದೋಸೆ ಹೆಂಚಿನ ಮೇಲೆ ಇಡ್ಲಿ ಹುಯ್ದ ಹಾಗೆ. ಮನೆತನಕ್ಕೊಂದು ಫಂಕ್ಷನ್ ಬರೀರಿ. ಮನೆಯೊಳಗಿನ ಸಣ್ಣ ವ್ಯತ್ಯಾಸ ಇದೆಯಲ್ಲ, ಕಾಯುವ ಸಮಯ, ಕ್ಯಾಲಿಬ್ರೇಷನ್ ಶುರುವಾಗೋ ವಿಳಾಸ, ಎಷ್ಟು ಬೈಟು, ತೇವಾಂಶ ಉಂಟೋ ಇಲ್ಲವೋ, ಅದೆಲ್ಲ ಟೇಬಲ್‌ಗೆ ಹೋಗಲಿ.

ಲಿನಕ್ಸ್‌ನಲ್ಲಿ ಇದೇ ಚಿಪ್‌ಗಳಿಗೆ ಇರೋ ಡ್ರೈವರ್ ನೋಡಿ, ಐಐಒ ಅನ್ನೋ ಸೆನ್ಸರ್ ಉಪವ್ಯವಸ್ಥೆಯ ಪ್ರೆಶರ್ ಫೋಲ್ಡರಿನಲ್ಲಿ ಬಿಎಂಪಿ280 ಅನ್ನೋ ಹೆಸರಲ್ಲಿದೆ. ಬಿಎಂಪಿ085/180ಕ್ಕೆ ಮೊದಲು ಬೇರೆಯೇ ಡ್ರೈವರ್ ಇತ್ತು, 2016ರಲ್ಲಿ ಅವುಗಳ ಬೆಂಬಲ ಇದರೊಳಗೆ ಬಂತು. ಆಮೇಲೆ 380, 580 ಕೂಡ ಸೇರಿದವು. ಪ್ರತಿ ಚಿಪ್ಪಿಗೂ ಒಂದು ಚಿಪ್ ಇನ್ಫೋ ಸ್ಟ್ರಕ್ಟ್. ಅದರಲ್ಲಿ ಐಡಿ, ಶುರುವಾಗಲು ಬೇಕಾದ ಸಮಯ, ಯಾವ ಓವರ್‌ಸ್ಯಾಂಪ್ಲಿಂಗ್ ಬೆಲೆಗಳು ನಡೆಯುತ್ತವೆ, ಎಷ್ಟು ಚಾನೆಲ್ ಅನ್ನೋ ಅಂಕಿ-ಅಂಶ. ಜೊತೆಗೆ ಕ್ಯಾಲಿಬ್ರೇಷನ್ ಓದು, ಕಾನ್ಫಿಗರ್ ಮಾಡು, ತಾಪಮಾನ ಓದು, ಒತ್ತಡ ಓದು ಅನ್ನೋ ಫಂಕ್ಷನ್ ಪಾಯಿಂಟರ್‌ಗಳು (ಯಾವ ಫಂಕ್ಷನ್ ಕರೀಬೇಕು ಅಂತ ಇಟ್ಟ ವಿಳಾಸಗಳು). ಕೋರ್ ಕೋಡು ಚಿಪ್ಪಿನ ಹೆಸರನ್ನು ಹೆಚ್ಚುಕಮ್ಮಿ ಕೇಳೋದೇ ಇಲ್ಲ.

ಹೊಸಬಿ_ಎಂಬೆಡೆಡ್:

ಸರ್ ಒಂದು ಡೌಟ್. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಇದೇ ಥರದ್ದು ಮಾಡ್ತಿದೀವಿ. ರಿಜಿಸ್ಟರ್ ವಿಳಾಸ ಮಾತ್ರ ಬೇರೆ, ಉಳಿದದ್ದೆಲ್ಲ ಒಂದೇ ಅಂತಾದರೂ ಬೇರೆ ಫಂಕ್ಷನ್ ಬೇಕಾ?

ಕರಾವಳಿ_ಕರ್ನಲ್:

ಬೇಡ ಮಾರಾಯ್ರೇ. ಅದಕ್ಕೆ ವಿಳಾಸದ ಟೇಬಲ್ ಸಾಕು. ಟಿಐ ಕಂಪನಿಯ ಒಮ್ಯಾಪ್ ಪ್ರೊಸೆಸರಿನ ಐ2ಸಿ ಡ್ರೈವರಿನಲ್ಲಿ ಎರಡು ಅರೇ ಉಂಟು, ಐಪಿ (ಹಾರ್ಡ್‌ವೇರ್ ಬ್ಲಾಕ್) ವರ್ಷನ್ ಒಂದಕ್ಕೆ ಒಂದು, ಎರಡಕ್ಕೆ ಇನ್ನೊಂದು. ಕೋಡಿನಲ್ಲಿ "ಸ್ಟೇಟಸ್ ರಿಜಿಸ್ಟರ್" ಅಂತ ಹೆಸರು ಹೇಳಿದ್ರೆ ಅರೇಯಿಂದ ಆಫ್‌ಸೆಟ್ ಬರ್ತದೆ. ಹಳೆ ಒಮ್ಯಾಪ್‌ನಿಂದ ಒಮ್ಯಾಪ್4ಕ್ಕೆ ಬರುವಾಗ ರಿಜಿಸ್ಟರುಗಳು ಜಾಗ ಬದಲಿಸಿದವು, ಡ್ರೈವರಿನ ತರ್ಕ ಬದಲಾಗ್ಲಿಲ್ಲ.

ಐ.ಎಂಎಕ್ಸ್ ಪ್ರೊಸೆಸರಿನ ಯುಆರ್ಟ್ (ಸೀರಿಯಲ್ ಪೋರ್ಟ್) ಇನ್ನೂ ಸಣ್ಣ ಉದಾಹರಣೆ. ಯುಟಿಎಸ್ ಅನ್ನೋ ಟೆಸ್ಟ್ ರಿಜಿಸ್ಟರ್ ಐ.ಎಂಎಕ್ಸ್1ರಲ್ಲಿ ಹೆಕ್ಸ್ ಡಿ0, ಐ.ಎಂಎಕ್ಸ್21ರಿಂದ ಈಚೆಗೆ ಹೆಕ್ಸ್ ಬಿ4. ಅದಕ್ಕೋಸ್ಕರ ಸ್ಟ್ರಕ್ಟ್‌ನಲ್ಲಿ ಒಂದು ಫೀಲ್ಡ್, ಅಷ್ಟೇ. ಅದಕ್ಕೆಲ್ಲ ಫಂಕ್ಷನ್ ಪಾಯಿಂಟರ್ ಎಂತಕೆ?

ಕಂಬದಪೆಟ್ಟಿಗೆ:

@ರಿಜಿಸ್ಟರ್‌ರಾಯ ಸರ್, ಮನೆತನದ ಲೆಕ್ಕ ತಲೆಗೆ ಹೋಯ್ತು. ಆದರೆ ನಮ್ಮ ಟೀಮಿನಲ್ಲಿ ಫಂಕ್ಷನ್ ಪಾಯಿಂಟರ್ ಅಂದರೆ ಮೂಗು ಮುರೀತಾರೆ. ಸಣ್ಣ ಕಾರ್ಟೆಕ್ಸ್ ಎಂ0, ನಿಧಾನ ಆಗುತ್ತೆ, ರ‍್ಯಾಮ್ ತಿನ್ನುತ್ತೆ ಅಂತ.

ಕರಾವಳಿ_ಕರ್ನಲ್:

ಲೆಕ್ಕ ಹಾಕಿ ತೋರಿಸಿ ಅವರಿಗೆ. ಐ2ಸಿ 400 ಕಿಲೋಹರ್ಟ್ಜ್ ಅಂತಿಟ್ಟುಕೊಳ್ಳಿ. ಒಂದು ಬೈಟಿಗೆ ಅಕ್ (ಬಂತು ಅನ್ನುವ ಉತ್ತರದ ಬಿಟ್) ಸೇರಿ 9 ಕ್ಲಾಕ್, ಅಂದ್ರೆ 22.5 ಮೈಕ್ರೋಸೆಕೆಂಡ್. 48 ಮೆಗಾಹರ್ಟ್ಜ್‌ನಲ್ಲಿ ಅದು 1080 ಸೈಕಲ್. ಪಾಯಿಂಟರ್ ಮೂಲಕ ಕರೆಯುವುದಕ್ಕೆ ಹೆಚ್ಚಾಗಿ ತಗಲುವುದು ಬೆರಳೆಣಿಕೆಯ ಸೈಕಲ್. ಒಂದೇ ಒಂದು ಬೈಟ್ ಬರುವ ಹೊತ್ತಿಗೆ ಅಂಥ ನೂರು ಕರೆ ಮುಗಿಸಿ ಚಹಾ ಕುಡಿಯಬಹುದು. ಪ್ರತಿ ಇಂಟರಪ್ಟ್‌ನಲ್ಲಿ, ಪ್ರತಿ ಪ್ಯಾಕೆಟ್‌ಗೆ ಕರೆಯುವ ಕೋಡಾದ್ರೆ ಮಾತು ಬೇರೆ.

ರ‍್ಯಾಮ್ ವಿಷಯದಲ್ಲಿ ಒಂದು ಎಚ್ಚರ ಬೇಕು. ಟೇಬಲ್ಲಿಗೆ ಕಾನ್ಸ್ಟ್ ಹಾಕಿದ್ರೆ ಅದು ಫ್ಲ್ಯಾಶಿನಲ್ಲೇ ಕೂರ್ತದೆ. ಬಿಟ್ರೆ ಸ್ಟಾರ್ಟಪ್ ಕೋಡು ಅದನ್ನು ರ‍್ಯಾಮಿಗೆ ನಕಲು ಮಾಡ್ತದೆ. ಲಿಂಕರ್ ಕೊಡುವ ಮ್ಯಾಪ್ ಫೈಲ್ ತೆಗೆದು ಟೇಬಲ್ ಯಾವ ಸೆಕ್ಷನ್‌ನಲ್ಲಿ ಬಿದ್ದಿದೆ ಅಂತ ಒಮ್ಮೆ ನೋಡಿ. ಇನ್ನೊಂದು ಲಾಭವೂ ಉಂಟು: ಫ್ಲ್ಯಾಶಿನಲ್ಲಿದ್ರೆ ದಾರಿ ತಪ್ಪಿದ ಪಾಯಿಂಟರ್ ಒಂದು ಅದರ ಮೇಲೆ ಬರೆದು ಹಾಳುಮಾಡುವ ಭಯ ಇಲ್ಲ.

ಧಾರವಾಡ_ಫರ್ಮ್‌ವೇರ್:

ಫಂಕ್ಷನ್ ಪಾಯಿಂಟರ್‌ದ ಖರೇ ತ್ರಾಸು ವೇಗ ಅಲ್ರೀ. ಸ್ಟ್ಯಾಕ್ ಎಷ್ಟು ಬೇಕು ಅಂತ ಲೆಕ್ಕ ಹಾಕೋ ಟೂಲ್‌ಗಳು ಅಲ್ಲಿಗೆ ಬಂದು ನಿಂತು ಬಿಡ್ತಾವ, ಯಾವ ಫಂಕ್ಷನ್ ಕರೀತದ ಅಂತ ಅವಕ್ಕ ಗೊತ್ತಾಗಂಗಿಲ್ಲ. ಎಡಿಟರ್‌ನಾಗ "ಇದನ್ನ ಯಾರು ಕರೀತಾರ" ಅಂತ ಹುಡುಕಿದ್ರೂ ಅದ ಹಣೇಬಾರ. ಹಂಗಂತ ಬ್ಯಾಡ ಅಂತಿಲ್ಲ, ಮನೆತನ ಮೂರಿದ್ರ ಪಾಯಿಂಟರ್ ಮೂರು ನಾಲ್ಕಕ್ಕ ನಿಲ್ಲಿಸ್ರಿ. ಮೊನ್ನೆ ಒಂದು ಕೋಡ್ ನೋಡಿದೆ, ಒಂದು ಎಲ್‌ಇಡಿ ಹಚ್ಚಾಕ ಐದು ಪದರ ದಾಟಿ ಹೋಗ್ಬೇಕು.

ಹೊಸಬಿ_ಎಂಬೆಡೆಡ್:

ಪಾಯಿಂಟರ್ ಬದಲು ಫ್ಲ್ಯಾಗ್ ಹಾಕಿದರೆ? ತೇವಾಂಶ ಇದೆ, ಬೈಟ್ ಆರ್ಡರ್ ಉಲ್ಟಾ, ಎರಡು ಸಲ ಅಳೀಬೇಕು, ಹೀಗೆ ಒಂದೊಂದಕ್ಕೂ ಒಂದು ಬಿಟ್. ಓದೋಕೂ ಸುಲಭ ಅಲ್ವಾ?

ರಿಜಿಸ್ಟರ್‌ರಾಯ:

ಫ್ಲ್ಯಾಗ್‌ಗೆ ಜಾಗ ಇದೆ, ಆದರೆ ಅದೊಂದನ್ನೇ ನಂಬಿ ಹೋದರೆ ಎಲ್ಲಿಗೆ ಮುಟ್ಟುತ್ತೆ ಅನ್ನೋದಕ್ಕೆ ಎಸ್‌ಡಿಎಚ್‌ಸಿಐ ನೋಡಿ. ಎಸ್‌ಡಿ ಕಾರ್ಡ್ ಕಂಟ್ರೋಲರಿಗೆ ಒಂದು ಪ್ರಮಾಣಿತ ರಿಜಿಸ್ಟರ್ ವಿನ್ಯಾಸ ಇದೆ. ಎಲ್ಲ ಚಿಪ್ ಕಂಪನಿಗಳೂ ಅದನ್ನೇ ಪಾಲಿಸ್ತೀವಿ ಅಂತಾರೆ, ಒಬ್ಬೊಬ್ಬರೂ ಒಂದೊಂದು ಕಡೆ ತಪ್ತಾರೆ. ಲಿನಕ್ಸ್ ಡ್ರೈವರಿನಲ್ಲಿ ಪ್ರತಿ ತಪ್ಪಿಗೂ ಒಂದು ಕ್ವರ್ಕ್ (ವಿಚಿತ್ರ ನಡತೆ) ಬಿಟ್ ಸೇರುತ್ತಾ ಹೋಯ್ತು. 32 ಬಿಟ್ ಸಾಲದೆ ಕ್ವರ್ಕ್ಸ್2 ಅಂತ ಇನ್ನೊಂದು ಫೀಲ್ಡನ್ನೇ ಸೇರಿಸಬೇಕಾಯ್ತು. ಕೋರ್ ಫಂಕ್ಷನ್‌ಗಳ ಒಳಗೆ ಆ ಬಿಟ್‌ಗಳನ್ನು ನೋಡೋ ಇಫ್‌ಗಳು ತುಂಬಿಕೊಂಡವು. ಒಂದು ಸಾಲು ತಿದ್ದಿದರೆ ನಿಮ್ಮ ಮೇಜಿನ ಮೇಲೆ ಇಲ್ಲದ ಯಾವುದೋ ಚಿಪ್ ಕೆಡುತ್ತೆ, ಪರೀಕ್ಷೆ ಮಾಡೋಕೂ ಆಗಲ್ಲ. ಈಗ ಹೊಸ ಕಂಟ್ರೋಲರ್‌ಗಳು ಬಂದಾಗ ಆಪ್ಸ್ ಟೇಬಲ್‌ನಲ್ಲಿ (ಫಂಕ್ಷನ್ ಪಾಯಿಂಟರ್‌ಗಳ ಪಟ್ಟಿ) ತಮಗೆ ಬೇಕಾದ ಫಂಕ್ಷನ್ ಬದಲಿಸಿಕೊಳ್ಳೋದು, ಕೋರನ್ನು ಲೈಬ್ರರಿಯಂತೆ ಬಳಸೋದು ಒಳ್ಳೆಯ ದಾರಿ ಅನ್ನೋ ಕಡೆಗೆ ಒಲವು.

ಫ್ಲ್ಯಾಗ್ ಚೆನ್ನಾಗಿ ಕೆಲಸ ಮಾಡಿದ ಕಡೆಯೂ ಇದೆ: ಹಳೇ ಪಿಸಿ ಸೀರಿಯಲ್ ಪೋರ್ಟಿನ 8250 ಡ್ರೈವರ್. ಅಲ್ಲಿ ಯುಆರ್ಟ್ ಕಾನ್ಫಿಗ್ ಅಂತ ಒಂದು ಟೇಬಲ್. 16550ಎ ಫೈಫೋ (ಬೈಟ್‌ಗಳು ಸಾಲಲ್ಲಿ ಕಾಯೋ ಬಫರ್) 16 ಬೈಟ್, 16650ರ ಎರಡನೇ ಆವೃತ್ತಿ 32, 16750 ಆದರೆ 64, 16950 ಆದರೆ 128. ಪಕ್ಕದಲ್ಲಿ ಸಾಮರ್ಥ್ಯದ ಬಿಟ್‌ಗಳು: ಫೈಫೋ ಇದೆ, ನಿದ್ದೆ ಮಾಡಬಲ್ಲದು, ಹಾರ್ಡ್‌ವೇರೇ ಫ್ಲೋ ಕಂಟ್ರೋಲ್ ನೋಡಿಕೊಳ್ಳುತ್ತೆ. ದೋಷಗಳಿಗೆ ಬೇರೆಯೇ ಪಟ್ಟಿ. ಬಿಟ್‌ನ ಹೆಸರು ಗಮನಿಸಿ, "ಇದು 16750" ಅಂತಲ್ಲ, "ಇದಕ್ಕೆ ಫೈಫೋ ಇದೆ" ಅಂತ. ಕೋಡಿನಲ್ಲಿ "ಚಿಪ್ ಬಿಎಂಇ280 ಆಗಿದ್ದರೆ" ಅಂತ ಬರೆದರೆ ನಾಳೆ ತೇವಾಂಶ ಇರೋ ಇನ್ನೊಂದು ಚಿಪ್ ಬಂದಾಗ ಅಂಥ ಸಾಲುಗಳನ್ನೆಲ್ಲ ಹುಡುಕಿ ತಿದ್ದಬೇಕು. "ತೇವಾಂಶ ಇದ್ದರೆ" ಅಂತ ಬರೆದರೆ ಟೇಬಲ್‌ನಲ್ಲಿ ಒಂದು ಸಾಲು ಸೇರಿಸಿದರೆ ಮುಗೀತು.

ಆ ಟೇಬಲ್‌ನಲ್ಲಿ ನನಗೆ ತುಂಬ ಇಷ್ಟವಾದ ಸಾಲು ಹಳೇ 16550ದ್ದು, ಕೊನೆಗೆ ಎ ಇಲ್ಲದ್ದು. ಆ ಚಿಪ್ಪಿನಲ್ಲಿ ಫೈಫೋ ಇದೆ, ಆದರೆ ಕೆಟ್ಟದ್ದು, ನಂಬೋ ಹಾಗಿಲ್ಲ. ಅದಕ್ಕೇ ಟೇಬಲ್‌ನಲ್ಲಿ ಫೈಫೋ ಗಾತ್ರ 1 ಅಂತ ಬರೆದಿದ್ದಾರೆ. ವಿಶೇಷ ಫ್ಲ್ಯಾಗ್ ಇಲ್ಲ, ಇಫ್ ಇಲ್ಲ, ಒಂದು ಅಂಕಿಯಿಂದ ದೋಷ ಮುಚ್ಚಿಹೋಯ್ತು.

ಒಂದು ಅಡ್ಡಮಾತು: ಸಿನಾಪ್ಸಿಸ್‌ನ ಡಿಸೈನ್‌ವೇರ್ ಯುಆರ್ಟ್ ಕೂಡ 8250 ಥರದ್ದೇ, ಆದರೆ ಅದು ಬಿಜಿ ಇರುವಾಗ ಎಲ್‌ಸಿಆರ್ ಅನ್ನೋ ಲೈನ್ ಕಂಟ್ರೋಲ್ ರಿಜಿಸ್ಟರಿಗೆ ಬರೆದರೆ ಬರೆದದ್ದು ಬೀಳೋದೇ ಇಲ್ಲ. ಅದಕ್ಕೆ ಕೋರ್‌ನಲ್ಲಿ ಫ್ಲ್ಯಾಗ್ ಇಡದೆ, ರಿಜಿಸ್ಟರಿಗೆ ಬರೆಯೋ ಫಂಕ್ಷನ್ನನ್ನೇ ಬದಲಿಸಿ, ಬರೆದದ್ದು ಬಿತ್ತಾ ಅಂತ ನೋಡಿ ಮತ್ತೆ ಬರೆಯೋ ಕೆಲಸವನ್ನು ಬೇರೆ ಫೈಲಿನಲ್ಲಿ ಇಟ್ಟಿದ್ದಾರೆ. ಕೋರ್‌ಗೆ ಈ ಕಥೆ ಗೊತ್ತೇ ಇಲ್ಲ.

ಧಾರವಾಡ_ಫರ್ಮ್‌ವೇರ್:

ಹಂಗಾದ್ರ ಯಾವಾಗ ಡ್ರೈವರ್ ಒಡೀಬೇಕು ಅನ್ನೋದೂ ಹೇಳ್ರಿ. ಎಲ್ಲಾ ಒಂದರಾಗ ಸೇರಿಸೂದ ದೊಡ್ಡ ಗುಣ ಅಲ್ಲ. ಇಂಟೆಲ್‌ನ ಇ1000 ನೆಟ್‌ವರ್ಕ್ ಡ್ರೈವರ್ ಹಳೇ ಪಿಸಿಐ ಕಾರ್ಡಿನಿಂದ ಶುರು ಆಗಿ ಪಿಸಿಐ ಎಕ್ಸ್‌ಪ್ರೆಸ್ ಚಿಪ್‌ಗಳ ತನಕ ಬೆಳದು ಭಾರ ಆತು. ಆಮೇಲೆ ಎಕ್ಸ್‌ಪ್ರೆಸ್ ಚಿಪ್‌ಗಳಿಗೆ ಇ1000ಇ ಅಂತ ಬ್ಯಾರೆ ಡ್ರೈವರ್ ಮಾಡಿದ್ರು, 2.6.24 ಕರ್ನಲ್‌ನಾಗ ಬಂತು, 2008ರ ಜನವರಿಯಾಗ. ಹಳೇದನ್ನ ಹಂಗ ಬಿಟ್ರು, ಹಳೇ ಕಾರ್ಡ್ ಇದ್ದವರು ನೆಮ್ಮದಿಯಾಗಿ ಇದ್ರು.

ರಿಜಿಸ್ಟರ್‌ರಾಯ:

ಒಳ್ಳೆ ಉದಾಹರಣೆ. ಆದರೆ ಒಡೆದ ಮೇಲೆ ಇ1000ಇ ಒಳಗೆ ಏನು ಮಾಡಿದ್ರು ನೋಡಿ: ಚಿಪ್ ಗುಂಪಿಗೊಂದು ಫೈಲು, 82571ಕ್ಕೆ ಒಂದು, ಐಸಿಎಚ್8 ಥರದವಕ್ಕೆ ಒಂದು. ಪ್ರತಿಯೊಂದರಲ್ಲೂ ಮ್ಯಾಕ್, ಫೈ (ಕೇಬಲ್ ಕಡೆಯ ಭಾಗ), ಎನ್‌ವಿಎಂ (ಶಾಶ್ವತ ಮೆಮೊರಿ) ಅಂತ ಮೂರು ಆಪ್ಸ್ ಟೇಬಲ್, ಜೊತೆಗೆ ಫ್ಲ್ಯಾಗ್‌ಗಳು. ಅಂದರೆ ಒಡೆಯೋದು, ಟೇಬಲ್ ಮಾಡೋದು ಎರಡೂ ಒಟ್ಟಿಗೇ ನಡೀತು.

ನಾನು ನೋಡೋ ಅಳತೆಗೋಲು ಇಷ್ಟು: ಹಂಚಿಕೊಂಡ ಕೋಡಿನಲ್ಲಿ ನಿಜವಾದ ಕೆಲಸ ಎಷ್ಟು ಉಳಿದಿದೆ? ಬರೀ ಪಾಯಿಂಟರ್ ಕರೆಯೋದಷ್ಟೇ ಉಳಿದಿದ್ದರೆ ಅದು ಎರಡು ಡ್ರೈವರ್, ಒಂದು ಇಂಟರ್‌ಫೇಸ್. ಒಡೀರಿ. ನಿಮ್ಮ ಪೆಟ್ಟಿಗೆಯ ಕೇಸ್‌ನಲ್ಲಿ ಹಂಚಿಕೊಳ್ಳೋ ಕೆಲಸ ಸಾಕಷ್ಟಿದೆ: ಬಸ್ ತಪ್ಪಾದಾಗ ಮತ್ತೆ ಪ್ರಯತ್ನಿಸೋದು, ಸಮಯದ ಲೆಕ್ಕ, ಪವರ್ ಆನ್-ಆಫ್, ಸರಾಸರಿ, ಪ್ಯಾಕೆಟ್ಟಿಗೆ ತುಂಬೋದು. ಹಾಗಾಗಿ ಒಂದು ಕೋರ್ ಫೈಲು, ಮನೆತನಕ್ಕೊಂದು ಫೈಲು, ಬಸ್ಸಿಗೊಂದು ಸಣ್ಣ ಫೈಲು. ಬಸ್ಸನ್ನು ಬೇರೆ ಇಡಿ ಅನ್ನೋದಕ್ಕೆ ಕಾರಣ ಇದೆ. 280ರಲ್ಲಿ ಎಸ್‌ಪಿಐ (ಐ2ಸಿ ಬದಲು ಬಳಸಬಹುದಾದ ಇನ್ನೊಂದು ಬಸ್) ಮೇಲೆ ಬರೆಯುವಾಗ ವಿಳಾಸದ 7ನೇ ಬಿಟ್ ಸೊನ್ನೆ ಮಾಡಬೇಕು. 390ರಲ್ಲಿ ಎಸ್‌ಪಿಐ ಓದಿದರೆ ಮೊದಲು ಒಂದು ಡಮ್ಮಿ ಬೈಟ್ ಬರುತ್ತೆ, ಅದನ್ನು ಎಸೀಬೇಕು. ಐ2ಸಿಯಲ್ಲಿ ಇದ್ಯಾವುದೂ ಇಲ್ಲ. ಇಂಥದ್ದು ಒತ್ತಡದ ಲೆಕ್ಕದ ಹತ್ತಿರ ಸುಳೀಬಾರದು. ಕರ್ನಲ್‌ನಲ್ಲಿ ಈ ಕೆಲಸಕ್ಕೇ ರೆಗ್‌ಮ್ಯಾಪ್ ಇದೆ, 2011ರಲ್ಲಿ 3.1ರ ಜೊತೆ ಬಂತು. ನಿಮಗೆ "ಓದು", "ಬರೆ" ಅನ್ನೋ ಎರಡು ಫಂಕ್ಷನ್ ಸಾಕು.

ಟೆಸ್ಟ್‌ಬೆಂಚ್:

ಬೈಟ್ ಆರ್ಡರ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ, ಅದಕ್ಕೆ ಬಂದೆ.

180ರ ಕ್ಯಾಲಿಬ್ರೇಷನ್ ಎಎಯಿಂದ ಶುರು, 22 ಬೈಟ್, ದೊಡ್ಡ ಬೈಟ್ ಮೊದಲು. 280ರದ್ದು 88ರಿಂದ ಶುರು, 24 ಬೈಟ್, ಸಣ್ಣ ಬೈಟ್ ಮೊದಲು. ಅಷ್ಟಕ್ಕೇ ನಿಂತರೆ ಸರಿ. 280ರಲ್ಲಿ ಅಳತೆಯ ಡೇಟಾ ಮಾತ್ರ ದೊಡ್ಡ ಬೈಟ್ ಮೊದಲು! ಒಂದೇ ಚಿಪ್ಪಿನೊಳಗೆ ಎರಡು ಕ್ರಮ. 390ರಲ್ಲಿ ಅಳತೆಯ ಡೇಟಾವೂ ಸಣ್ಣ ಬೈಟ್ ಮೊದಲು, ಅದೂ 24 ಬಿಟ್. ಅದಕ್ಕೇ "ಈ ಚಿಪ್ ಲಿಟಲ್ ಎಂಡಿಯನ್" (ಸಣ್ಣ ಬೈಟ್ ಮೊದಲು) ಅಂತ ಒಂದು ಫ್ಲ್ಯಾಗ್ ಇಟ್ಟರೆ ಕೆಲಸಕ್ಕೆ ಬಾರದು.

ಬಿಎಂಇ280ರ ತೇವಾಂಶದ್ದು ಇನ್ನೂ ಚೆಂದ. ಎಚ್4, ಎಚ್5 ಅನ್ನೋ ಕ್ಯಾಲಿಬ್ರೇಷನ್ ಗುಣಾಂಕಗಳು ಎರಡೂ 12 ಬಿಟ್, ಇಬ್ಬರೂ ಇ5 ರಿಜಿಸ್ಟರನ್ನು ಅರ್ಧರ್ಧ ಹಂಚಿಕೊಳ್ತಾರೆ. ಕೆಳಗಿನ ನಾಲ್ಕು ಬಿಟ್ ಎಚ್4ಕ್ಕೆ, ಮೇಲಿನ ನಾಲ್ಕು ಎಚ್5ಕ್ಕೆ. ಸೈನ್ ಬಿಟ್ ತಪ್ಪಿದರೆ ಕೆಲವು ಸೆನ್ಸರ್‌ನಲ್ಲಿ ಮಾತ್ರ ತಪ್ಪು ಬರುತ್ತೆ, ನಿಮ್ಮ ಮೇಜಿನ ಮೇಲಿದ್ದದ್ದರಲ್ಲಿ ಬರೋಲ್ಲ.

ಆದ್ದರಿಂದ ಲೆಕ್ಕ ಮಾಡೋ ಕೋಡು ಹಾರ್ಡ್‌ವೇರ್ ಮುಟ್ಟಬಾರದು. ಬೈಟ್ ಅರೇ ಕೊಟ್ಟರೆ ಪ್ಯಾಸ್ಕಲ್ ಕೊಡಬೇಕು, ಅಷ್ಟೇ. ಆಗ ಪಿಸಿ ಮೇಲೇ ಟೆಸ್ಟ್ ಓಡಿಸಬಹುದು. ಬಾಷ್ ಡೇಟಾಶೀಟ್‌ಗಳಲ್ಲೇ ಮಾದರಿ ಲೆಕ್ಕ ಇದೆ. 180ಕ್ಕೆ ಎಸಿ1 ಅಂದರೆ 408, ಎಸಿ2 ಅಂದರೆ ಮೈನಸ್ 72 ಹೀಗೆ ಎಲ್ಲ ಗುಣಾಂಕ ಕೊಟ್ಟು, ಕಚ್ಚಾ ತಾಪಮಾನ 27898, ಕಚ್ಚಾ ಒತ್ತಡ 23843 ಇದ್ದರೆ ಉತ್ತರ 15.0 ಡಿಗ್ರಿ, 69964 ಪ್ಯಾಸ್ಕಲ್. 280ಕ್ಕೆ ಕಚ್ಚಾ 519888, 415148 ಕೊಟ್ಟರೆ 25.08 ಡಿಗ್ರಿ, 100653 ಪ್ಯಾಸ್ಕಲ್. ಈ ಎರಡು ಟೆಸ್ಟ್ ಮೊದಲು ಬರೀರಿ, ಆಮೇಲೆ ಇಫ್‌ಡೆಫ್ ಕೀಳೋಕೆ ಕೈ ಹಾಕಿ. ಬಸ್‌ಗೆ 256 ಬೈಟಿನ ಒಂದು ಅರೇಯನ್ನೇ ನಕಲಿ ಚಿಪ್ ಮಾಡಿ ಕೊಟ್ಟರೆ ಪ್ರೋಬ್ (ಚಿಪ್ ಗುರುತಿಸೋ) ಕೋಡೂ ಪಿಸಿ ಮೇಲೇ ಓಡುತ್ತೆ.

ಬೆಂಗಳೂರಿನವರಾದರೆ ಕಣ್ಣಳತೆಗೆ ಒಂದು ಮಾತು: ಇಲ್ಲಿ ಒತ್ತಡ 910 ಹೆಕ್ಟೋಪ್ಯಾಸ್ಕಲ್ ಆಸುಪಾಸು ಇರಬೇಕು, ಊರು 900 ಮೀಟರಿಗಿಂತ ಎತ್ತರದಲ್ಲಿದೆಯಲ್ಲ. ಕಚೇರಿಯಲ್ಲಿ ಕೂತು 1013 ಬಂತು ಅಂತ ಖುಷಿಪಟ್ಟವರನ್ನು ನೋಡಿದೀನಿ.

ಕರಾವಳಿ_ಕರ್ನಲ್:

ಮಂಗಳೂರಿನಲ್ಲಿ ಕೂತ ನಮಗೆ 1010 ಬಂದ್ರೇ ಖುಷಿ 😄

ಚಿಪ್ ಗುರುತಿಸುವ ಬಗ್ಗೆ. ಡಿ0 ರಿಜಿಸ್ಟರ್ ಓದಿದ್ರೆ 180ರಲ್ಲಿ ಹೆಕ್ಸ್ 55, ಬಿಎಂಪಿ280ರಲ್ಲಿ 58, ಬಿಎಂಇ280ರಲ್ಲಿ 60. 390ರ ಐಡಿ ಕೂಡ 60, ಆದ್ರೆ ಅದು ಇರುವುದು 00 ರಿಜಿಸ್ಟರಿನಲ್ಲಿ. ಅದರ ಹಿಂದಿನ 388ರದ್ದು 50. ಬಸ್ ವಿಳಾಸವೂ ಒಂದೇ ಜೋಡಿ, 76 ಅಥವಾ 77, 180 ಮಾತ್ರ 77ರಲ್ಲೇ. ಅಂದ್ರೆ ಬರೀ "60 ಬಂತು" ಅಂತ ನಂಬಿದ್ರೆ ಆಗ್ಲಿಕ್ಕಿಲ್ಲ, ಎಲ್ಲಿಂದ ಬಂತು ಅಂತಲೂ ನೋಡ್ಬೇಕು. ಗುರುತಿಸುವಾಗ ಓದಿ ಮಾತ್ರ, ಯಾವ ಚಿಪ್ ಅಂತ ಗೊತ್ತಾಗುವ ಮೊದಲು ಏನೂ ಬರೆಯಬೇಡಿ. ಎಫ್4ರ ಕಥೆ ಮೇಲೆ ಉಂಟಲ್ಲ.

ಐಡಿ ಸಿಕ್ಕಿದ ಮೇಲೆ ಕ್ಯಾಲಿಬ್ರೇಷನ್ ಓದಿ ಪರೀಕ್ಷೆ ಮಾಡಿ. 180ರ ಡೇಟಾಶೀಟೇ ಹೇಳ್ತದೆ, ಯಾವ ಪದವೂ ಪೂರ್ತಿ ಸೊನ್ನೆ ಅಥವಾ ಪೂರ್ತಿ ಒಂದುಗಳಾಗಿ ಇರಬಾರದು ಅಂತ. ಸಡಿಲ ಕನೆಕ್ಟರ್ ಇದ್ರೆ ಅಲ್ಲೇ ಸಿಕ್ಕಿಬೀಳ್ತದೆ.

ಬಿಎಂಇ280 ಅಂತ ಆನ್‌ಲೈನ್‌ನಲ್ಲಿ ತರಿಸಿದ ಸಣ್ಣ ಬೋರ್ಡಿನಲ್ಲಿ ಬಿಎಂಪಿ280 ಕೂತಿರುವುದು ಮಾಮೂಲು. ನೋಡ್ಲಿಕ್ಕೆ ಒಂದೇ ಥರ, ಐಡಿ 58 ಬಂದಾಗಲೇ ಗೊತ್ತಾಗುವುದು. ಬಿಲ್ಲಿನಲ್ಲಿ ಏನು ಬರೆದಿದೆ ಅಂತ ಡ್ರೈವರಿಗೆ ಬೇಡ, ಚಿಪ್ ಹೇಳಿದ್ದನ್ನು ನಂಬಲಿ.

ಹೊಸಬಿ_ಎಂಬೆಡೆಡ್:

ಗೊತ್ತಿಲ್ಲದ ಐಡಿ ಬಂದರೆ? ಎರರ್ ಕೊಟ್ಟು ನಿಲ್ಲಿಸೋದೇ ಸೇಫ್ ಅಲ್ವಾ?

ರಿಜಿಸ್ಟರ್‌ರಾಯ:

ಜಾಗ ನೋಡಿಕೊಂಡು. ಲಿನಕ್ಸ್‌ನಲ್ಲಿ ಡಿವೈಸ್ ಟ್ರೀ "ಇಲ್ಲಿ ಇಂಥ ಚಿಪ್ ಇದೆ" ಅಂತ ಮೊದಲೇ ಹೇಳಿರುತ್ತೆ, ಹೊಸ ಚಿಪ್ ಬಂದರೆ "ಹೊಸದು, ಇಲ್ಲದಿದ್ದರೆ ಹಳೆಯದರ ಹಾಗೆ ನಡೆಸು" ಅಂತ ಎರಡು ಕಂಪ್ಯಾಟಿಬಲ್ ಹೆಸರು ಬರೀಬಹುದು. ಹಳೇ ಕರ್ನಲ್‌ಗೆ ಹೊಸ ಹೆಸರು ಗೊತ್ತಿರಲ್ಲ, ಎರಡನೆಯದಕ್ಕೆ ಜೋತುಬೀಳುತ್ತೆ. ಆಗ ಐಡಿ ಹೊಂದಲಿಲ್ಲ ಅಂತ ಡ್ರೈವರ್ ನಿಂತುಬಿಟ್ಟರೆ ಆ ವ್ಯವಸ್ಥೆಗೆ ಅರ್ಥವೇ ಇಲ್ಲ. ಅದಕ್ಕೇ ಐಐಒ ಕಡೆಯವರು ಎಚ್ಚರಿಕೆ ಬರೆದು ಮುಂದೆ ಹೋಗಿ ಅಂತಾರೆ. ನಿಮ್ಮ ಪೆಟ್ಟಿಗೆಗೆ ಡಿವೈಸ್ ಟ್ರೀ ಇಲ್ಲ, ಐಡಿ ಒಂದೇ ಆಧಾರ. ಅಲ್ಲಿ ಊಹೆ ಮಾಡಬೇಡಿ. ಒತ್ತಡ ಕಳಿಸೋದು ನಿಲ್ಲಿಸಿ, ಓದಿದ ಐಡಿಯನ್ನು ಮಾತ್ರ ಸರ್ವರ್‌ಗೆ ಕಳಿಸಿ, ಪೆಟ್ಟಿಗೆಯ ಉಳಿದ ಕೆಲಸ ನಡೀಲಿ.

ಡಿವೈಸ್ ಟ್ರೀ ಬಳಸೋ ವಿದ್ಯಾರ್ಥಿಗಳಿಗೆ ಒಂದು ಕಿವಿಮಾತು. ಮ್ಯಾಚ್ ಡೇಟಾದಲ್ಲಿ ಚಿಪ್ಪಿನ ಎನಮ್ ಸಂಖ್ಯೆ ಇಡಬೇಡಿ, ಚಿಪ್ ಇನ್ಫೋ ಸ್ಟ್ರಕ್ಟ್‌ನ ವಿಳಾಸವನ್ನೇ ಇಡಿ. ಎನಮ್‌ನ ಮೊದಲನೆಯದರ ಬೆಲೆ ಸೊನ್ನೆ. ಕೇಳುವ ಫಂಕ್ಷನ್ನಿಗೆ ಏನೂ ಸಿಗದಿದ್ದರೂ ನಲ್ (ಸೊನ್ನೆ), ಮೊದಲ ಚಿಪ್ ಸಿಕ್ಕರೂ ನಲ್.

ಕಂಬದಪೆಟ್ಟಿಗೆ:

ಎಲ್ಲರಿಗೂ ಧನ್ಯವಾದ. ಟೀಮ್ ಜೊತೆ ಕೂತು ಹೀಗೆ ಅಂತ ಮಾಡಿಕೊಂಡ್ವಿ. ಕೋರ್ ಒಂದು, ಮನೆತನದ ಫೈಲ್ ಮೂರು, ಬಸ್ ಫೈಲ್ ಒಂದು. ಚಿಪ್ ಇನ್ಫೋದಲ್ಲಿ ಪಾಯಿಂಟರ್ ನಾಲ್ಕು: ಕ್ಯಾಲಿಬ್ರೇಷನ್ ಓದು, ಕಾನ್ಫಿಗರ್, ಕಚ್ಚಾ ಓದು, ಲೆಕ್ಕ. ಬಿಎಂಪಿ280, ಬಿಎಂಇ280 ಎರಡು ಟೇಬಲ್ ಸಾಲು, ಪಾಯಿಂಟರ್‌ಗಳು ಬಹುತೇಕ ಅವೇ. ಡೇಟಾಶೀಟ್ ಅಂಕಿಗಳ ಟೆಸ್ಟ್ ಪಿಸಿ ಮೇಲೆ ಹಸಿರು ಬಂತು, ಹೊಸ ಬೋರ್ಡಿಗೆ @ಧಾರವಾಡ_ಫರ್ಮ್‌ವೇರ್ ಸರ್ ಹೇಳಿದ ರೆಸಿಸ್ಟರೂ ಸೇರ್ತಿದೆ.

ಒಂದು ಮಾತ್ರ ಬಗೆಹರೀತಿಲ್ಲ. ಬಿಎಂಇ280ರಲ್ಲಿ ತೇವಾಂಶದ ಓವರ್‌ಸ್ಯಾಂಪ್ಲಿಂಗ್ ಬರೆದರೂ ಮೊದಲ ಸಲ ಅಳತೆಯೇ ಆಗ್ತಿಲ್ಲ. ಮತ್ತೆ, ತೇವಾಂಶ ಇಲ್ಲದ ಚಿಪ್‌ಗಳಿಗೆ ಪ್ಯಾಕೆಟ್ಟಿನಲ್ಲಿ ಏನು ಕಳಿಸೋದು? ಸರ್ವರ್ ಕಡೆಯವರು ಸೊನ್ನೆ ಕಳಿಸಿ ಅಂತಿದಾರೆ.

ಟೆಸ್ಟ್‌ಬೆಂಚ್:

ತೇವಾಂಶದ ಓವರ್‌ಸ್ಯಾಂಪ್ಲಿಂಗ್ ಇರೋ ಎಫ್2ಕ್ಕೆ ಬರೆದದ್ದು ಜಾರಿಗೆ ಬರೋದು ಆಮೇಲೆ ಎಫ್4ಕ್ಕೆ ಬರೆದಾಗ ಮಾತ್ರ. ನೀವು ಎಫ್4 ಮೊದಲು ಬರೀತಿರಬೇಕು. ಬಿಎಂಇ280ರ ಕಾನ್ಫಿಗರ್ ಪಾಯಿಂಟರನ್ನು ಬೇರೆ ಮಾಡಿ: ಮೊದಲು ಎಫ್2, ಆಮೇಲೆ ಬಿಎಂಪಿ280ರ ಕಾನ್ಫಿಗರ್ ಫಂಕ್ಷನ್ನನ್ನೇ ಕರೀರಿ.

ಸೊನ್ನೆ ಬೇಡವೇ ಬೇಡ. ಸೊನ್ನೆ ಪರ್ಸೆಂಟ್ ತೇವಾಂಶ ಅಂದರೆ ಯಾರೋ ತೋಟಕ್ಕೆ ನೀರು ಬಿಡೋ ಮೋಟರ್ ಆನ್ ಮಾಡ್ತಾರೆ. ಚಾನೆಲ್ ಇಲ್ಲದಿದ್ದರೆ ಆ ಫೀಲ್ಡ್ ಪ್ಯಾಕೆಟ್‌ನಲ್ಲೇ ಇರಬಾರದು. ಕರ್ನಲ್ ಡ್ರೈವರಿನಲ್ಲೂ ಚಿಪ್ಪಿಗೊಂದು ಚಾನೆಲ್ ಪಟ್ಟಿ ಇರುತ್ತೆ, ಬಿಎಂಪಿ280 ಹಾಕಿದರೆ ತೇವಾಂಶದ ಫೈಲೇ ಕಾಣಿಸಲ್ಲ. ಪ್ಯಾಕೆಟ್ ಫಾರ್ಮ್ಯಾಟ್ ಬದಲಿಸೋಕೆ ಆಗೋದೇ ಇಲ್ಲ ಅಂದರೆ ಎರಡು ಬೈಟಿನ ಫೀಲ್ಡಿಗೆ ಪೂರ್ತಿ ಒಂದುಗಳನ್ನು ತುಂಬಿ, "ಇದು ಬಂದರೆ ಅಳತೆ ಇಲ್ಲ" ಅಂತ ಸರ್ವರ್ ಕಡೆಯವರ ಕೈಲಿ ಬರೆಸಿಕೊಳ್ಳಿ.